ಬಾಯಿಪಾಠದ ಬಲದಿಂದ ಟ್ರಾಯ್‌ವರೆಗೆ: ಹೈನ್ರಿಷ್ ಷ್ಲೀಮನ್‌ನ ಭಾಷಾಯಾತ್ರೆ

ಆಮ್‌ಸ್ಟರ್‌ಡಾಮ್ ನಗರದ ಬಾಡಿಗೆ ಮನೆಯೊಂದರಲ್ಲಿ 1844ರ ಸುಮಾರಿಗೆ ಪ್ರತಿ ಸಂಜೆ ಒಂದು ವಿಚಿತ್ರ ಪಾರಾಯಣ ನಡೆಯುತ್ತಿತ್ತು. 22ರ ಹರೆಯದ ಜರ್ಮನ್ ಗುಮಾಸ್ತನೊಬ್ಬ ರಷ್ಯನ್ ಭಾಷೆಯಲ್ಲಿ ಗಟ್ಟಿಯಾಗಿ ಕಥೆ ಒಪ್ಪಿಸುತ್ತಿದ್ದ. ಎದುರಿಗೆ ಕುಳಿತು ಕೇಳುತ್ತಿದ್ದವನು ಒಬ್ಬ ಬಡ ಯಹೂದಿ. ಆತನಿಗೆ ರಷ್ಯನ್ ಭಾಷೆಯ ಒಂದಕ್ಷರವೂ ತಿಳಿಯದು. ದಿನಕ್ಕೆ ಎರಡು ಗಂಟೆ ಸುಮ್ಮನೆ ಕೇಳಿಸಿಕೊಳ್ಳುವುದಕ್ಕೆ ವಾರಕ್ಕೆ 4 ಫ್ರಾಂಕ್ ಕೂಲಿ. ಆ ಮನೆಗಳ ನೆಲ ತೆಳು ಹಲಗೆಯದು. ಮೂರನೇ ಅಂತಸ್ತಿನ ಮಾತು ಕೆಳಗಿನವರಿಗೂ ಕೇಳಿಸುತ್ತಿತ್ತು. ಉಳಿದ ಬಾಡಿಗೆದಾರರ ದೂರು ಹೆಚ್ಚಾಗಿ, ರಷ್ಯನ್ ಕಲಿಯುವ ಅವಧಿಯಲ್ಲಿ ಆ ಗುಮಾಸ್ತ ಎರಡು ಬಾರಿ ಮನೆ ಬದಲಿಸಬೇಕಾಯಿತು.

ಆತ ಹೈನ್ರಿಷ್ ಷ್ಲೀಮನ್. ಹೋಮರನ ಕಾವ್ಯದಲ್ಲಿ ಮಾತ್ರ ಇದೆಯೆಂದು ಅನೇಕರು ಭಾವಿಸಿದ್ದ ಟ್ರಾಯ್ ನಗರವನ್ನು ನೆಲ ಅಗೆದು ಹುಡುಕಿದವನೆಂದು ಜಗತ್ತು ಆತನನ್ನು ಬಲ್ಲದು. ಆದರೆ ಆತನ ಕೈಗೆ ಗುದ್ದಲಿ ಬಂದದ್ದು 46 ದಾಟಿದ ಮೇಲೆ. ಅದಕ್ಕೂ ಮುನ್ನ ಕಾಲು ಶತಮಾನ ಕಾಲ ಆತನ ಕೈಯಲ್ಲಿದ್ದ ಸಲಕರಣೆ ಒಂದೇ, ಅದು ಭಾಷೆ. ಹೊಸ ಭಾಷೆ ಕಲಿತರೆ ಒಬ್ಬ ಮನುಷ್ಯನಿಗೆ ವೈಯಕ್ತಿಕವಾಗಿ ಏನು ಸಿಗುತ್ತದೆ ಎಂಬ ಪ್ರಶ್ನೆಗೆ ಇಷ್ಟು ಲೆಕ್ಕಾಚಾರದ ಉತ್ತರ ಕೊಟ್ಟ ಬದುಕು ಇನ್ನೊಂದು ಸಿಗುವುದು ಕಷ್ಟ. ಆ ಉತ್ತರ ಪೂರ್ತಿ ಸಿಹಿಯಾದುದೇನೂ ಅಲ್ಲ.

ಕಿರಾಣಿ ಅಂಗಡಿಯ ಹುಡುಗ

ಷ್ಲೀಮನ್ ಹುಟ್ಟಿದ್ದು 1822ರ ಜನವರಿ 6ರಂದು, ಉತ್ತರ ಜರ್ಮನಿಯ ಮೆಕ್ಲೆನ್‌ಬುರ್ಗ್ ಸೀಮೆಯ ನಾಯ್‌ಬುಕೋವ್ ಎಂಬ ಪುಟ್ಟ ಊರಿನಲ್ಲಿ. ತಂದೆ ಪ್ರಾಟೆಸ್ಟಂಟ್ ಪಾದ್ರಿ. ಬಾಲ್ಯ ಕಳೆದದ್ದು ಆಂಕರ್ಸ್‌ಹಾಗನ್ ಎಂಬ ಹಳ್ಳಿಯಲ್ಲಿ. 1831ರಲ್ಲಿ ತಾಯಿ ತೀರಿಕೊಂಡಳು. ತಂದೆಯ ನಡತೆಯ ಬಗ್ಗೆ ಊರಿನಲ್ಲಿ ಅಪವಾದ ಹಬ್ಬಿತು, ಮನೆ ಒಡೆಯಿತು. ವಿಶ್ವವಿದ್ಯಾಲಯಕ್ಕೆ ದಾರಿಯಾಗಬಲ್ಲ ಶಾಲೆಯನ್ನು ಹಣವಿಲ್ಲದೆ ಬಿಟ್ಟು ಸಾಧಾರಣ ಶಾಲೆಗೆ ಸೇರಿದ ಹುಡುಗ 14ನೇ ವಯಸ್ಸಿಗೆ ಫ್ಯುರ್ಸ್ಟನ್‌ಬರ್ಗ್ ಪಟ್ಟಣದ ಕಿರಾಣಿ ಅಂಗಡಿಯಲ್ಲಿ ದುಡಿಮೆಗೆ ನಿಂತ. ಮೀನು, ಬೆಣ್ಣೆ, ಹಾಲು, ಉಪ್ಪು ಮಾರುವುದು, ಅಂಗಡಿ ಗುಡಿಸುವುದು, ಬೆಳಗಿನ ಐದರಿಂದ ರಾತ್ರಿ ಹನ್ನೊಂದರವರೆಗೆ ಇದೇ ಕೆಲಸ. ಐದೂವರೆ ವರ್ಷ ಹೀಗೆ ಕಳೆಯಿತು.

ಆ ಅಂಗಡಿಗೆ ಒಂದು ಸಂಜೆ ಕುಡಿದು ಬಂದ ಗಿರಣಿ ಕೆಲಸಗಾರನೊಬ್ಬ ಹೋಮರನ ನೂರರಷ್ಟು ಸಾಲುಗಳನ್ನು ಗ್ರೀಕ್‌ನಲ್ಲೇ ಒಪ್ಪಿಸಿದನಂತೆ. ಆತನೂ ಒಬ್ಬ ಪಾದ್ರಿಯ ಮಗನೇ, ಓದು ತಪ್ಪಿ ಹಾಳಾದವನು. ಒಂದು ಶಬ್ದವೂ ಅರ್ಥವಾಗದಿದ್ದರೂ ಆ ಲಯಕ್ಕೆ ಮರುಳಾಗಿ ಷ್ಲೀಮನ್ ತನ್ನಲ್ಲಿದ್ದ ಚಿಲ್ಲರೆ ಕಾಸಿನಿಂದ ಆತನಿಗೆ ಮದ್ಯ ಕೊಡಿಸಿ, ಮತ್ತೆ ಮತ್ತೆ ಹೇಳಿಸಿ ಕೇಳಿದನೆಂದು ಮುಂದೆ ಬರೆದುಕೊಂಡಿದ್ದಾನೆ. ಗಮಕ ಕೇಳಿ ಬೆಳೆದ ನಮ್ಮ ಹಿರಿಯರಿಗೆ ಇದು ಅಪರಿಚಿತ ಅನುಭವವೇನಲ್ಲ. ಅರ್ಥಕ್ಕಿಂತ ಮೊದಲು ನಾದವೇ ಕಿವಿ ಹಿಡಿಯುತ್ತದೆ.

ಭಾರವಾದ ಪೀಪಾಯಿ ಎತ್ತಲು ಹೋಗಿ ಎದೆಗೆ ಪೆಟ್ಟಾಗಿ ಅಂಗಡಿ ಕೆಲಸ ತಪ್ಪಿತು. 1841ರಲ್ಲಿ ಹ್ಯಾಂಬರ್ಗ್‌ಗೆ ನಡೆದ. ಅಲ್ಲಿ ನೆಲೆ ಸಿಗದೆ ವೆನೆಜುವೆಲಾಕ್ಕೆ ಹೊರಟಿದ್ದ ಡೊರೊಥಿಯಾ ಎಂಬ ಹಡಗು ಹತ್ತಿದ. ಡಿಸೆಂಬರ್ ತಿಂಗಳ ಬಿರುಗಾಳಿಗೆ ಹಡಗು ಹಾಲೆಂಡಿನ ಟೆಕ್ಸೆಲ್ ದ್ವೀಪದ ಬಳಿ ಒಡೆಯಿತು. ಬದುಕುಳಿದವರಲ್ಲಿ ಒಬ್ಬನಾಗಿ, ಕೈಯಲ್ಲಿ ಏನೂ ಇಲ್ಲದೆ ಷ್ಲೀಮನ್ ಆಮ್‌ಸ್ಟರ್‌ಡಾಮ್ ಸೇರಿದ.

ಅರ್ಧ ಸಂಬಳ ಪಾಠಕ್ಕೆ

ವ್ಯಾಪಾರಿ ಸಂಸ್ಥೆಯೊಂದರಲ್ಲಿ ಸಿಕ್ಕ ಕೆಲಸ ಅಂಚೆ ಒಯ್ಯುವುದು, ಹುಂಡಿಗಳಿಗೆ ಮುದ್ರೆ ಒತ್ತಿಸಿ ನಗದು ಮಾಡಿಸಿಕೊಂಡು ಬರುವುದು. ತಲೆ ಓಡಿಸಬೇಕಾದ ಅಗತ್ಯವೇ ಇಲ್ಲದ ಈ ಕೆಲಸವನ್ನು ಆತ ವರವೆಂದೇ ಭಾವಿಸಿದ. ವರ್ಷಕ್ಕೆ 800 ಫ್ರಾಂಕ್ ಸಂಬಳ; ಅದರಲ್ಲಿ ಅರ್ಧ ಓದಿಗೆ. ಉಳಿದರ್ಧದಲ್ಲಿ ಬೆಂಕಿಗೂಡಿಲ್ಲದ ಅಟ್ಟದ ಕೋಣೆ, ರಾಗಿ ಗಂಜಿಯಂತಹುದೇ ಆದ ರೈ ಧಾನ್ಯದ ಗಂಜಿ. ಚಳಿಗಾಲದಲ್ಲಿ ನಡುಕ, ಬೇಸಗೆಯಲ್ಲಿ ಬೇಗೆ. ಮೊದಲು ಅಕ್ಷರ ದುಂಡಗಾಗಲೆಂದು ಹೆಸರಾಂತ ಶಿಕ್ಷಕನೊಬ್ಬನಿಂದ 20 ಪಾಠ ಹೇಳಿಸಿಕೊಂಡ. ಬಳಿಕ ಇಂಗ್ಲಿಷ್‌ಗೆ ಕೈ ಹಾಕಿದ.

ಆತನ ವಿಧಾನವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಗಟ್ಟಿಯಾಗಿ ಓದುವುದು, ಬಹಳ ಓದುವುದು. ಅನುವಾದ ಮಾಡಲೇಬಾರದು. ದಿನಕ್ಕೊಂದು ಗಂಟೆ ತಪ್ಪದೆ ಪಾಠ. ತನಗೆ ಇಷ್ಟವಾದ ವಿಷಯದ ಮೇಲೆ ಆ ಭಾಷೆಯಲ್ಲೇ ಪ್ರಬಂಧ ಬರೆಯುವುದು, ಗುರುವಿನಿಂದ ತಿದ್ದಿಸುವುದು, ತಿದ್ದಿದ್ದನ್ನು ಬಾಯಿಪಾಠ ಮಾಡಿ ಮರುದಿನ ಒಪ್ಪಿಸುವುದು. ಉಚ್ಚಾರಣೆ ಹಿಡಿಯಲು ಭಾನುವಾರ ಎರಡು ಬಾರಿ ಇಂಗ್ಲಿಷ್ ಚರ್ಚಿಗೆ ಹೋಗಿ, ಪ್ರವಚನದ ಒಂದೊಂದು ಶಬ್ದವನ್ನೂ ತನ್ನೊಳಗೇ ಮೆಲ್ಲಗೆ ಪುನರುಚ್ಚರಿಸುತ್ತಿದ್ದ. ಮಳೆಯಲ್ಲಿ ಅಂಚೆಗೆ ನಡೆಯುವಾಗಲೂ ಕೈಯಲ್ಲಿ ಪುಸ್ತಕ. ಅಂಚೆ ಕಚೇರಿಯ ಸಾಲಿನಲ್ಲಿ ನಿಂತಾಗಲೂ ಓದು. ರಾತ್ರಿ ನಿದ್ದೆ ಬಾರದಾಗ ಸಂಜೆ ಓದಿದ್ದನ್ನು ಕತ್ತಲಲ್ಲೇ ನೆನಪಿನಿಂದ ತಿರುವಿ ಹಾಕುವುದು. ಗೋಲ್ಡ್‌ಸ್ಮಿತ್‌ನ ವಿಕಾರ್ ಆಫ್ ವೇಕ್‌ಫೀಲ್ಡ್, ಸ್ಕಾಟ್‌ನ ಐವಾನ್‌ಹೋ ಎರಡನ್ನೂ ಕಂಠಸ್ಥ ಮಾಡಿದೆನೆಂದು ಆತ ಹೇಳಿಕೊಂಡಿದ್ದಾನೆ. ಆರು ತಿಂಗಳಲ್ಲಿ ಇಂಗ್ಲಿಷ್, ಮತ್ತಾರು ತಿಂಗಳಲ್ಲಿ ಫ್ರೆಂಚ್. ಆಮೇಲೆ ಡಚ್, ಸ್ಪ್ಯಾನಿಶ್, ಇಟಾಲಿಯನ್, ಪೋರ್ಚುಗೀಸ್ ಭಾಷೆಗಳಿಗೆ ಆರಾರು ವಾರಗಳೇ ಸಾಕಾದವಂತೆ.

ನಮ್ಮ ಬಸ್ ನಿಲ್ದಾಣಗಳ ಪುಸ್ತಕದಂಗಡಿಯಲ್ಲಿ ಮೂವತ್ತು ದಿನಗಳಲ್ಲಿ ಭಾಷೆ ಕಲಿಸುವ ಪುಸ್ತಕಗಳನ್ನು ಕಂಡವರಿಗೆ ಈ ಲೆಕ್ಕದ ಮೇಲೆ ಸಹಜವಾಗಿಯೇ ಅನುಮಾನ ಮೂಡುತ್ತದೆ. ಈ ವಿವರಗಳ ಮೂಲ 1880ರ ಇಲಿಯೋಸ್ ಗ್ರಂಥಕ್ಕೆ ಷ್ಲೀಮನ್ ಸ್ವತಃ ಬರೆದ ಆತ್ಮಕಥನ. ತನ್ನ ಬಗ್ಗೆ ತಾನೇ ಬರೆಯುವಾಗ ಆತ ಸತ್ಯದ ವಿಷಯದಲ್ಲಿ ಬಹಳ ಉದಾರಿ. ವಾರಗಳ ಲೆಕ್ಕ ಹೇಗಾದರೂ ಇರಲಿ, ಕಲಿತದ್ದು ಮಾತ್ರ ಸುಳ್ಳಲ್ಲ. ಆತ ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಬರೆದ ಪತ್ರಗಳೂ ದಿನಚರಿಗಳೂ ಇಂದಿಗೂ ಉಳಿದಿವೆ. ಅವುಗಳಲ್ಲಿ ತಪ್ಪುಗಳಿವೆ. ಆದರೆ ಪರವೂರಿನ ವ್ಯಾಪಾರಿಯೊಬ್ಬ ಓದಿ, ನಂಬಿ, ಸರಕು ಕಳಿಸುವಷ್ಟು ಸ್ಪಷ್ಟತೆಯೂ ಇದೆ.

ತನ್ನ ನೆನಪಿನ ಶಕ್ತಿ ದುರ್ಬಲವಾಗಿತ್ತು, ಈ ಅಭ್ಯಾಸದಿಂದಲೇ ಅದು ಗಟ್ಟಿಯಾಯಿತು ಎಂಬುದು ಆತನ ಹೇಳಿಕೆ. ಇದನ್ನು ನಂಬಲು ಅಡ್ಡಿಯಿಲ್ಲ. ಓದು ತಪ್ಪಿದ, ದೇಹ ಸೋತ, ಊರುಕೇರಿ ಇಲ್ಲದ ಯುವಕನಿಗೆ ಬಾಯಿಪಾಠವಾದ ಒಂದೊಂದು ಪುಟವೂ ಕೈಗೆ ಸಿಕ್ಕ ಗಟ್ಟಿ ಆಸ್ತಿ. ಅದನ್ನು ಹಡಗಿನ ಅಪಘಾತವೂ ಕಸಿಯಲಾರದು.

ನೀಲಿಯ ವ್ಯಾಪಾರ, ರಷ್ಯದ ಬಾಗಿಲು

ಈ ಹುಚ್ಚಿನಿಂದಾಗಿ ಮೊದಲ ಕಚೇರಿಯಲ್ಲಿ ಬಡ್ತಿ ಸಿಗಲಿಲ್ಲ. ಅಂಚೆ ಒಯ್ಯುವ ಕೆಲಸವನ್ನೇ ಸರಿಯಾಗಿ ಮಾಡದವನಿಗೆ ಮೇಲಿನ ಹುದ್ದೆ ಏಕೆಂಬುದು ಮಾಲೀಕರ ವಾದ. ಆದರೆ 1844ರ ಮಾರ್ಚ್‌ನಲ್ಲಿ ಶ್ರೋಡರ್ ಎಂಬ ದೊಡ್ಡ ವ್ಯಾಪಾರಿ ಮನೆತನ ಪತ್ರವ್ಯವಹಾರಕ್ಕೂ ಲೆಕ್ಕಪತ್ರಕ್ಕೂ ಆತನನ್ನು ಸೇರಿಸಿಕೊಂಡಿತು. ಸಂಬಳ 1,200 ಫ್ರಾಂಕ್. ಕೆಲಸ ನೋಡಿದ ಮೇಲೆ 2,000.

ಅಲ್ಲಿ ಆತ ಗಮನಿಸಿದ್ದು ಒಂದು ಕೊರತೆಯನ್ನು. ಆ ಸಂಸ್ಥೆ ರಷ್ಯದೊಂದಿಗೆ ವ್ಯಾಪಾರ ಮಾಡುತ್ತಿತ್ತು, ಆದರೆ ಆ ಭಾಷೆ ಬಲ್ಲವರು ಊರಿನಲ್ಲೇ ಇರಲಿಲ್ಲ. ಪಾಠ ಹೇಳಲು ಒಪ್ಪಿದ ಗುರುವೂ ಇಲ್ಲ. ಒಂದು ಹಳೆಯ ವ್ಯಾಕರಣ, ಒಂದು ಶಬ್ದಕೋಶ, ಫ್ರೆಂಚ್ ಕಾದಂಬರಿ ಟೆಲಿಮಾಕ್‌ನ ಕಳಪೆ ರಷ್ಯನ್ ಅನುವಾದ ಸಿಕ್ಕವು. ಕೇಳುಗನಿದ್ದರೆ ಕಲಿಕೆ ಚುರುಕಾದೀತೆಂದು ಆ ಯಹೂದಿಯನ್ನು ಕೂಲಿಗೆ ಹಿಡಿದದ್ದು ಆಗಲೇ. ಆರು ವಾರಗಳ ಬಳಿಕ ಆತ ರಷ್ಯನ್‌ನಲ್ಲಿ ಮೊದಲ ಪತ್ರ ಬರೆದದ್ದು ಲಂಡನ್ನಿನಲ್ಲಿದ್ದ ಮಾಸ್ಕೋ ನೀಲಿ ವ್ಯಾಪಾರಿಗಳ ಪ್ರತಿನಿಧಿಗೆ. ನೀಲಿ ಹರಾಜಿಗೆಂದು ಆಮ್‌ಸ್ಟರ್‌ಡಾಮ್‌ಗೆ ಬಂದ ರಷ್ಯನ್ನರೊಡನೆ ಅವರದೇ ನುಡಿಯಲ್ಲಿ ಮಾತಿಗಿಳಿದ.

ಅಂದಿನ ನೀಲಿ ಎಂದರೆ ಗಿಡದಿಂದ ತೆಗೆದ ಬಣ್ಣ. ಯುರೋಪಿನ ಮಾರುಕಟ್ಟೆಗೆ ಅದರ ದೊಡ್ಡ ಪಾಲು ಹೋಗುತ್ತಿದ್ದುದು ಭಾರತದಿಂದ, ಮುಖ್ಯವಾಗಿ ಬಂಗಾಳದಿಂದ. ಅದನ್ನು ಬೆಳೆದ ರೈತ ತೋಟದೊಡೆಯರ ಸಾಲದಲ್ಲಿ ಸಿಕ್ಕಿ ನರಳಿ, ಕೊನೆಗೆ 1859ರಲ್ಲಿ ದಂಗೆ ಎದ್ದದ್ದು ನಮಗೆ ಗೊತ್ತಿರುವ ಇತಿಹಾಸ. ಷ್ಲೀಮನ್‌ನ ಆತ್ಮಕಥನದಲ್ಲಿ ಆ ರೈತನ ಸುಳಿವಿಲ್ಲ. ಸರಪಳಿಯ ಆ ತುದಿಯ ಭಾಷೆ ಆತನಿಗೆ ಬೇಕಿರಲಿಲ್ಲ.

1846ರ ಜನವರಿಯಲ್ಲಿ ಸಂಸ್ಥೆ ಆತನನ್ನು ತನ್ನ ಪ್ರತಿನಿಧಿಯಾಗಿ ಸೇಂಟ್ ಪೀಟರ್ಸ್‌ಬರ್ಗ್‌ಗೆ ಕಳುಹಿಸಿತು. ಮರುವರ್ಷವೇ ಅಲ್ಲಿನ ವರ್ತಕರ ಸಂಘದಲ್ಲಿ ಆತನ ಹೆಸರು ದಾಖಲಾಯಿತು. ಅಂಚೆ ಹುಡುಗನಿಂದ ಸ್ವತಂತ್ರ ವ್ಯಾಪಾರಿಯವರೆಗಿನ ದಾರಿ ಐದೇ ವರ್ಷದ್ದು; ಅದರ ನಿರ್ಣಾಯಕ ತಿರುವು ಆರು ವಾರಗಳ ಕಲಿಕೆ. ಎಲ್ಲರೂ ಕಲಿತ ಭಾಷೆಗಿಂತ ಯಾರೂ ಕಲಿಯದ, ಆದರೆ ಅಗತ್ಯವಿರುವ ಭಾಷೆಗೆ ಬೆಲೆ ಹೆಚ್ಚು ಎಂಬುದನ್ನು ಆತ ಮಾರುಕಟ್ಟೆಯ ಕಣ್ಣಿನಿಂದ ಕಂಡುಕೊಂಡಿದ್ದ.

ಮುಂದಿನದು ಹಣದ ಕಥೆ, ಬೇಗ ಮುಗಿಸಬಹುದು. ಕ್ಯಾಲಿಫೋರ್ನಿಯದ ಚಿನ್ನದ ಹುಚ್ಚಿನಲ್ಲಿ ತಮ್ಮ ಲುಡ್ವಿಗ್ ತೀರಿಕೊಂಡ ಸುದ್ದಿ ತಿಳಿದು ಅಲ್ಲಿಗೆ ಹೋದ ಷ್ಲೀಮನ್, 1851-52ರಲ್ಲಿ ಸಾಕ್ರಮೆಂಟೊದಲ್ಲಿ ಬ್ಯಾಂಕ್ ತೆರೆದು ಚಿನ್ನದ ಪುಡಿ ಕೊಂಡು ಮಾರಿದ. ಹತ್ತಾರು ದೇಶಗಳಿಂದ ಬಂದ ಅಗೆತದವರಿಗೆ ತಮ್ಮ ಮಾತಿನಲ್ಲೇ ವ್ಯವಹರಿಸುವ ಬ್ಯಾಂಕಿನವನು ಸಿಕ್ಕಿದ್ದ. ಜ್ವರ ಹಿಡಿದು ರಷ್ಯಕ್ಕೆ ಮರಳಿ 1852ರಲ್ಲಿ ಎಕಟೆರಿನಾ ಎಂಬಾಕೆಯನ್ನು ಮದುವೆಯಾದ. ಕ್ರಿಮಿಯನ್ ಯುದ್ಧದ ಕಾಲದಲ್ಲಿ ಮದ್ದಿನುಪ್ಪು, ಗಂಧಕ, ಸೀಸ ಮಾರಿ ಸಂಪತ್ತು ಬೆಳೆಯಿತು.

ತಡೆಹಿಡಿದ ಭಾಷೆ

ಇಷ್ಟೆಲ್ಲ ಕಲಿತವನು ಗ್ರೀಕ್ ಭಾಷೆಯನ್ನು ಮಾತ್ರ ಬೇಕೆಂದೇ ದೂರವಿಟ್ಟಿದ್ದ. ಒಮ್ಮೆ ಅದರೊಳಗೆ ಇಳಿದರೆ ವ್ಯಾಪಾರದ ಮೇಲೆ ಮನಸ್ಸು ನಿಲ್ಲದೆಂಬ ಭಯ. 1856ರಲ್ಲಿ ಯುದ್ಧ ಮುಗಿದ ಮೇಲೆ ಆ ಕಟ್ಟು ಸಡಿಲವಾಯಿತು. ಮೊದಲು ಆಧುನಿಕ ಗ್ರೀಕ್. ತಾನು ಮೊದಲೇ ಬಲ್ಲ ಪೌಲ್ ಮತ್ತು ವರ್ಜೀನಿ ಎಂಬ ಫ್ರೆಂಚ್ ಕಾದಂಬರಿಯ ಗ್ರೀಕ್ ಅನುವಾದ ತರಿಸಿ, ಮೂಲದೊಡನೆ ಹೋಲಿಸುತ್ತ ಓದಿದ. ಶಬ್ದಕೋಶ ತಿರುವುವ ಸಮಯ ಉಳಿಯಿತು. ಅಲ್ಲಿಂದ ಪ್ರಾಚೀನ ಗ್ರೀಕ್, ಹೋಮರ್. ವ್ಯಾಕರಣ ಸೂತ್ರಗಳ ಮೇಲೆ ವರ್ಷಗಟ್ಟಲೆ ಮಕ್ಕಳನ್ನು ಕೂರಿಸುವ ಶಾಲೆಗಳನ್ನು ಆತ ಕಟುವಾಗಿ ಟೀಕಿಸಿದ್ದಾನೆ. ಪ್ರಾಚೀನ ಭಾಷೆಯನ್ನೂ ಜೀವಂತ ಭಾಷೆಯಂತೆ ಬಾಯಿಯಿಂದಲೇ ಕಲಿಯಬೇಕೆಂಬುದು ಆತನ ಹಟ.

ಆತ ಹೆದರಿದ್ದಂತೆಯೇ ಆಯಿತು. ವ್ಯಾಪಾರ ಬೇಸರವಾಯಿತು. 1858ರಲ್ಲಿ ಈಜಿಪ್ಟ್ ಸುತ್ತಿ ಅರಬ್ಬಿ ಕಲಿತ. 1864ರಲ್ಲಿ ವಹಿವಾಟಿನಿಂದ ಹಿಂದೆ ಸರಿದು ಲೋಕಸಂಚಾರಕ್ಕೆ ಹೊರಟ. ಸಿಂಹಳ, ಮದ್ರಾಸ್, ಕಲ್ಕತ್ತ, ಬನಾರಸ್, ಆಗ್ರಾ, ಲಖನೌ, ದೆಹಲಿ ನೋಡಿ ಜಾವಾ, ಚೀನಾ, ಜಪಾನ್‌ವರೆಗೆ ಹೋದ. ಆತನೇ ಕೊಟ್ಟ ಊರುಗಳ ಪಟ್ಟಿಯಲ್ಲಿ ಮೈಸೂರು ಸೀಮೆಯ ಹೆಸರಿಲ್ಲ. ಚೀನಾ, ಜಪಾನ್ ಕುರಿತು ಬರೆದ ಆತನ ಮೊದಲ ಪುಸ್ತಕ ಫ್ರೆಂಚ್ ಭಾಷೆಯಲ್ಲಿದೆ. ಮಾತೃಭಾಷೆ ಜರ್ಮನ್‌ನಲ್ಲಿ ಅಲ್ಲ ಎಂಬುದು ಗಮನಾರ್ಹ. ಯಾವ ದೇಶದಲ್ಲಿರುವನೋ ಆ ದೇಶದ ಭಾಷೆಯಲ್ಲಿ, ಕೈಲಾದಷ್ಟು ಮಟ್ಟಿಗೆ, ದಿನಚರಿ ಬರೆಯುವುದು ಆತನ ಪದ್ಧತಿ.

ಈ ದಿನಚರಿಗಳೇ ಮುಂದೆ ಆತನಿಗೆ ತಿರುಗುಬಾಣವಾದವು. 1851ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ನಗರ ಹೊತ್ತಿ ಉರಿದದ್ದನ್ನು ಕಣ್ಣಾರೆ ಕಂಡವನಂತೆ ಆತ ಬರೆದಿದ್ದಾನೆ. ಆದರೆ ಆ ದಿನ ಆತ ಆ ಊರಲ್ಲೇ ಇರಲಿಲ್ಲ. ವಾಷಿಂಗ್ಟನ್‌ನಲ್ಲಿ ಅಧ್ಯಕ್ಷ ಫಿಲ್‌ಮೋರ್‌ನನ್ನು ಭೇಟಿಯಾದ ವರ್ಣನೆಯನ್ನೂ ವಿದ್ವಾಂಸರು ನಂಬುವುದಿಲ್ಲ. 1970ರ ದಶಕದಿಂದ ವಿಲಿಯಂ ಕಾಲ್ಡರ್, ಡೇವಿಡ್ ಟ್ರೇಲ್ ಮೊದಲಾದವರು ಇಂಥ ಅನೇಕ ಕಟ್ಟುಕಥೆಗಳನ್ನು ಬಯಲಿಗೆ ತಂದರು. ಎಂಟನೇ ವಯಸ್ಸಿನಲ್ಲೇ ಟ್ರಾಯ್ ಅಗೆಯುವ ಪಣ ತೊಟ್ಟೆನೆಂಬ ಪ್ರಸಿದ್ಧ ಕಥೆಯೂ ಈ ಅನುಮಾನದಿಂದ ಹೊರತಲ್ಲ. ಪತ್ರಿಕೆಯ ಸುದ್ದಿಯನ್ನು ತನ್ನ ಅನುಭವವೆಂಬಂತೆ ಬರೆದ ಕೆಲವು ಪುಟಗಳು ಬರೀ ಭಾಷಾಭ್ಯಾಸ ಇರಬಹುದೆಂಬ ವಾದವೂ ಉಂಟು. ಈ ವಾದದಲ್ಲಿ ಹುರುಳಿದೆ ಎನಿಸುತ್ತದೆ. ಪರಭಾಷೆಯಲ್ಲಿ ಪ್ರಬಂಧ ಬರೆಯುತ್ತ ನಾನು ಎಂದು ಆರಂಭಿಸುವವನು ಬೇರೊಬ್ಬ ನಾನುವನ್ನು ಕಟ್ಟುವುದು ಸುಲಭ. ಆದರೆ ಆ ವಾದ ಎಲ್ಲ ಸುಳ್ಳನ್ನೂ ಮುಚ್ಚಲಾರದು. 1869ರಲ್ಲಿ ಅಮೆರಿಕದಲ್ಲಿ ವಾಸದ ಅವಧಿಯ ಬಗ್ಗೆ ಸುಳ್ಳು ಹೇಳಿ ಪೌರತ್ವ ಪಡೆದು, ಇಂಡಿಯಾನಾಪೊಲಿಸ್ ನ್ಯಾಯಾಲಯದಲ್ಲಿ ಮೊದಲ ಹೆಂಡತಿಯಿಂದ ವಿಚ್ಛೇದನ ಪಡೆದದ್ದು ಭಾಷಾಭ್ಯಾಸವಲ್ಲ. ಆಕೆ ರಷ್ಯ ಬಿಟ್ಟು ಬರಲು ಒಪ್ಪಿರಲಿಲ್ಲ; ಮೂವರು ಮಕ್ಕಳು ಅಲ್ಲೇ ಉಳಿದಿದ್ದರು.

ಎರಡನೇ ಮದುವೆಯನ್ನೂ ಭಾಷೆಯೇ ಮಾಡಿಸಿತು ಎನ್ನಬೇಕು. ಪೀಟರ್ಸ್‌ಬರ್ಗ್‌ನಲ್ಲಿ ತನಗೆ ಗ್ರೀಕ್ ಹೇಳಿಕೊಟ್ಟಿದ್ದ ಪಾದ್ರಿ ವಿಂಬೋಸ್‌ಗೆ ಪತ್ರ ಬರೆದು, ಹೋಮರನನ್ನು ಪ್ರೀತಿಸುವ ಗ್ರೀಕ್ ಕನ್ಯೆಯನ್ನು ಹುಡುಕಿಕೊಡಲು ಕೇಳಿದ. 1869ರಲ್ಲಿ ಅಥೆನ್ಸ್‌ನಲ್ಲಿ 47ರ ಷ್ಲೀಮನ್ 17ರ ಸೋಫಿಯಾಳನ್ನು ವರಿಸಿದ. ವಧುಪರೀಕ್ಷೆಯಲ್ಲಿ ಆಕೆ ಹೋಮರನ ಸಾಲುಗಳನ್ನು ಒಪ್ಪಿಸಬೇಕಾಯಿತಂತೆ. ಮದುವೆಯ ಬಳಿಕ ಆಕೆಗೂ ಭಾಷಾಪಾಠಗಳ ಒತ್ತಡ ತಪ್ಪಲಿಲ್ಲ. ಎಳೆಯ ಹೆಂಡತಿ ಕಾಯಿಲೆ ಬಿದ್ದಳು. ಆದರೂ 1877ರಲ್ಲಿ ಲಂಡನ್ನಿನ ವಿದ್ವತ್ಸಭೆಯ ಮುಂದೆ ಇಂಗ್ಲಿಷ್‌ನಲ್ಲಿ ಭಾಷಣ ಮಾಡಿ ಮೆಚ್ಚುಗೆ ಪಡೆದವಳೂ ಆಕೆಯೇ. ಕಲಿಕೆಯ ಫಲವನ್ನು ಆಕೆಯೂ ಉಂಡಳು, ಆದರೆ ಆಯ್ಕೆ ಆಕೆಯದಾಗಿರಲಿಲ್ಲ.

ಬೆಟ್ಟದ ಒಡಲು

1868ರಲ್ಲಿ ಷ್ಲೀಮನ್ ತುರ್ಕಿಯ ಹಿಸಾರ್ಲಿಕ್ ದಿಬ್ಬದ ಪ್ರದೇಶಕ್ಕೆ ಬಂದ. ಇದೇ ಟ್ರಾಯ್ ಇರಬೇಕೆಂದು ಆತನಿಗೆ ಮನಗಾಣಿಸಿದವನು ದಿಬ್ಬದ ಒಂದು ಭಾಗದ ಒಡೆಯನಾಗಿದ್ದ, ಅಲ್ಲಿ ಮೊದಲೇ ಅಗೆದು ನೋಡಿದ್ದ ಫ್ರಾಂಕ್ ಕಾಲ್ವರ್ಟ್. ಕೀರ್ತಿಯಲ್ಲಿ ಆತನಿಗೆ ಸಿಗಬೇಕಾದ ಪಾಲು ಬಹುಕಾಲ ಸಿಗಲಿಲ್ಲ. ಷ್ಲೀಮನ್‌ಗೆ ಹಣವಿತ್ತು, ಕಾರ್ಮಿಕರೊಡನೆ ಗ್ರೀಕ್, ಟರ್ಕಿಶ್ ಆಡುವ, ಪ್ಯಾರಿಸ್, ಲಂಡನ್, ಬರ್ಲಿನ್ ಪತ್ರಿಕೆಗಳಿಗೆ ಅವುಗಳ ಭಾಷೆಯಲ್ಲೇ ಬರೆಯುವ ಶಕ್ತಿಯಿತ್ತು. ಪುರಾತತ್ವದ ಸುದ್ದಿ ಜನಸಾಮಾನ್ಯರ ಮಾತಾದದ್ದು ಬಹುಮಟ್ಟಿಗೆ ಆತನಿಂದ. ರೊಸ್ಟಾಕ್ ವಿಶ್ವವಿದ್ಯಾಲಯ 1869ರಲ್ಲಿ ಡಾಕ್ಟರೇಟ್ ನೀಡಿತು.

1870ರಲ್ಲಿ ಆರಂಭಿಸಿ 1873ರವರೆಗೆ ದಿಬ್ಬದ ನಡುವೆ ಅಗಲವಾದ ಕಂದಕ ತೋಡಿಸಿದ. 1873ರ ಮೇ ಅಂತ್ಯದಲ್ಲಿ ಚಿನ್ನ, ಬೆಳ್ಳಿ, ತಾಮ್ರದ ದೊಡ್ಡ ನಿಧಿ ಸಿಕ್ಕಿತು. ಅದನ್ನು ಪ್ರಿಯಾಮ ರಾಜನ ನಿಧಿಯೆಂದು ಸಾರಿ, ಒಟ್ಟೋಮನ್ ಸರ್ಕಾರದ ಕಣ್ಣು ತಪ್ಪಿಸಿ ಗ್ರೀಸ್‌ಗೆ ಸಾಗಿಸಿದ. ನಿಧಿಯನ್ನು ಸೋಫಿಯಾ ತನ್ನ ಶಾಲಿನಲ್ಲಿ ಹೊತ್ತು ತಂದಳೆಂದು ಬರೆದ. ಆಗ ಆಕೆ ಅಥೆನ್ಸ್‌ನಲ್ಲಿದ್ದಳು. ನಿಧಿಯ ಪದರವಾದರೋ ಹೋಮರ್ ಹಾಡಿದ ಕಾಲಕ್ಕಿಂತ ಸಾವಿರ ವರ್ಷಕ್ಕೂ ಹಿಂದಿನದು. ಆ ಪದರವನ್ನು ತಲುಪುವ ಅವಸರದಲ್ಲಿ, ತಾನು ನಿಜಕ್ಕೂ ಹುಡುಕುತ್ತಿದ್ದ ಕಾಲದ ಗೋಡೆಗಳಲ್ಲಿ ಎಷ್ಟನ್ನೋ ಆತನೇ ಕಿತ್ತು ಹಾಕಿಸಿದ್ದ. 1876ರಲ್ಲಿ ಗ್ರೀಸ್‌ನ ಮೈಸೀನಿಯಲ್ಲಿ ಚಿನ್ನದ ಮುಖವಾಡಗಳ ಸಮಾಧಿಗಳನ್ನು ಕಂಡದ್ದು ಆತನ ಇನ್ನೊಂದು ದೊಡ್ಡ ಸಾಧನೆ. 1882ರಿಂದ ವಾಸ್ತುತಜ್ಞ ವಿಲ್‌ಹೆಲ್ಮ್ ಡೋರ್ಪ್‌ಫೆಲ್ಡ್ ಜೊತೆಗೂಡಿದ ಮೇಲೆ ಅಗೆತ ಶಿಸ್ತಿಗೆ ಬಂತು.

ಭಾಷೆಯನ್ನು ಅವಸರದಲ್ಲಿ ಕಲಿತರೆ ತಪ್ಪುಗಳನ್ನು ಮರುದಿನ ತಿದ್ದಿಕೊಳ್ಳಬಹುದು. ಅಗೆದ ಮಣ್ಣಿಗೆ ಆ ಸೌಲಭ್ಯವಿಲ್ಲ.

1890ರ ನವೆಂಬರ್‌ನಲ್ಲಿ ಜರ್ಮನಿಯ ಹಾಲೆ ನಗರದಲ್ಲಿ ಆತನ ಕಿವಿಗೆ ಶಸ್ತ್ರಚಿಕಿತ್ಸೆ ನಡೆಯಿತು. ಪೂರ್ತಿ ಗುಣವಾಗುವ ಮೊದಲೇ ಪ್ರಯಾಣ ಹೊರಟ. ಕ್ರಿಸ್‌ಮಸ್ ದಿನ ನೇಪಲ್ಸ್‌ನ ಬೀದಿಯಲ್ಲಿ ಕುಸಿದು ಬಿದ್ದಾಗ ಆತನಿಗೆ ಮಾತು ನಿಂತುಹೋಗಿತ್ತು. ಇಟಾಲಿಯನ್ ಚೆನ್ನಾಗಿ ಬಲ್ಲವನು ತಾನು ಯಾರೆಂದು ಹೇಳಲಾರದೆ ಹೋದ. ಜೇಬಿನಲ್ಲಿ ಸಿಕ್ಕ ವೈದ್ಯರ ವಿಳಾಸದಿಂದ ಗುರುತು ಪತ್ತೆಯಾಯಿತು. ಡಿಸೆಂಬರ್ 26ರಂದು ಕೊನೆಯುಸಿರೆಳೆದ. ಅಂತ್ಯಸಂಸ್ಕಾರ ಅಥೆನ್ಸ್‌ನಲ್ಲಿ ನಡೆಯಿತು. ಆತ ಅಲ್ಲಿ ಕಟ್ಟಿಸಿದ್ದ ಭವ್ಯ ಮನೆ ಇಂದು ನಾಣ್ಯ ವಸ್ತುಸಂಗ್ರಹಾಲಯ. ಪತ್ರಗಳೂ ದಿನಚರಿಗಳೂ ಅದೇ ನಗರದ ಗೆನ್ನಾಡಿಯಸ್ ಗ್ರಂಥಾಲಯದಲ್ಲಿವೆ. ಅವನ್ನು ಓದಲು ಹೊರಟ ಸಂಶೋಧಕರಿಗೂ ಅರ್ಧ ಡಜನ್ ಭಾಷೆಗಳಾದರೂ ಬೇಕು.

1881ರಲ್ಲಿ ಆತ ಜರ್ಮನಿಗೆ ದಾನವಾಗಿ ಕೊಟ್ಟ ಟ್ರಾಯ್ ನಿಧಿ ಬರ್ಲಿನ್‌ನಲ್ಲಿತ್ತು. 1945ರಲ್ಲಿ ಸೋವಿಯತ್ ಸೇನೆ ಅದನ್ನು ಒಯ್ದಿತು. ಎಲ್ಲಿದೆ ಎಂಬುದು ದಶಕಗಳ ಕಾಲ ಗುಟ್ಟಾಗಿತ್ತು. 1996ರಲ್ಲಿ ಮಾಸ್ಕೋದ ಪುಷ್ಕಿನ್ ವಸ್ತುಸಂಗ್ರಹಾಲಯ ಅದನ್ನು ಪ್ರದರ್ಶನಕ್ಕಿಟ್ಟಿತು.